ನಾಕು ಸೂತಿನ ತೂತು

ಅಮಾವಾಸ್ಯೆಗೆ ಇನ್ನು ಐದು ದಿನ ಇತ್ತು. ಎಂಜಿನಿಯರ್ ಸಾಹೇಬರ ಫೋನ್ ಬಂದಾಗ ನಾನು ಜೇವರ್ಗಿಯ ನನ್ನ ಅಂಗಡಿಯಲ್ಲಿ ಒಂದು ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿದ್ದೆ. ಘತ್ತರಗಿಯ ಆಚೆ ಭೀಮಾ ದಂಡೆಗೆ ಒಂದು ಪಂಪ್ ಹೌಸ್ ಇದೆ. ನಾಲ್ಕು ಊರಿಗೆ ಕುಡಿಯುವ ನೀರು ಅಲ್ಲಿಂದಲೇ ಹೋಗಬೇಕು. ಅಲ್ಲಿನ ಎರಡು ಪಂಪುಗಳಲ್ಲಿ ಒಂದರ ಮೋಟರು ಸುಟ್ಟು ವೈಂಡಿಂಗಿಗೆಂದು ಕಲಬುರಗಿಗೆ ಹೋಗಿತ್ತು. ಉಳಿದ ಒಂದು ಪಂಪು ಮುಚ್ಚಳದ ಸಂದಿಯಿಂದ ನೀರು ಸೋರಿಸಲು ಶುರು ಮಾಡಿತ್ತು.

"ಕಂಪನಿ ಫಿಟ್ಟರ್ ಮುಂದಿನ ವಾರ ಬರ್ತಾನಂತ. ಅಮಾಸಿಗಿ ದೇವಿ ದರ್ಶನಕ್ಕ ಬಂದ ಬೀಗರು ಮನಿ ಮನಿ ತುಂಬತಾರ, ಅವ್ರಿಗೆಲ್ಲ ನಾ ಏನ್ ಕುಡಿಸಲಿ? ನಮ್ಮ ಜನರೇಟರ್ ನೀವೇ ಮಾಡಿದ್ರಲ್ಲ, ಇದನ್ನೂ ಜರಾ ನೋಡ್ರಿ" ಅಂದರು ಸಾಹೇಬರು.

ಪಂಪು ನನ್ನ ಕಸುಬಲ್ಲ. ಆದರೂ ಬೋಲ್ಟು ಎಲ್ಲಿದ್ದರೂ ಬೋಲ್ಟೇ ತಾನೆ ಎಂಬ ಧೈರ್ಯದ ಮೇಲೆ ಮರುದಿನ ಬೆಳಿಗ್ಗೆ ಪಾನಾ ಸುತ್ತಿಗೆಯ ಚೀಲವನ್ನು ಬೈಕಿಗೆ ಕಟ್ಟಿಕೊಂಡು ಹೊರಟೆ. ಆ ಧೈರ್ಯ ಸಂಜೆಯ ತನಕವೂ ಉಳಿಯಲಿಲ್ಲ.

ಪಂಪ್ ಹೌಸಿನಲ್ಲಿ ಇದ್ದದ್ದು ಒಬ್ಬರೇ ಆಪರೇಟರ್. ವಯಸ್ಸು ಐವತ್ತೈದರ ಮೇಲೆ, ಹಣೆಗೆ ವಿಭೂತಿ, ಕೆಲಸ ಗುತ್ತಿಗೆಯ ಮೇಲೆ. ನಾನು ಅವರನ್ನು ಕಾಕಾ ಎಂದೆ, ಅವರು ನನ್ನನ್ನು ಮಿಸ್ತ್ರಿ ಎಂದರು. ಒಳಗಿನ ನೆಲ ನಮ್ಮ ಮನೆಯ ಅಡುಗೆಮನೆಗಿಂತ ಸ್ವಚ್ಛವಾಗಿತ್ತು. ಪಂಪಿನ ನಟ್ಟುಗಳ ಮೇಲೆಲ್ಲ ಗ್ರೀಸು ಹೊಳೆಯುತ್ತಿತ್ತು.

"ಪ್ರತಿ ಅಮಾಸಿಗಿ ಪೂಜಾ ಮಾಡಿ, ಒಂದೊಂದು ನಟ್ಟಿಗೂ ಗ್ರೀಸ್ ಹಚ್ತೇನ್ರಿ. ಕಾಯಿ ಒಡಿಯೂದು ಆಮ್ಯಾಲ" ಎಂದರು ಕಾಕಾ.

ಆ ಪಂಪಿನ ಕವಚಕ್ಕೆ ಎರಡು ಹೋಳು, ಎರಡೂ ಬೀಡಿನವು, ಅಂದರೆ ಎರಕದ ಕಬ್ಬಿಣದವು. ಕೆಳಗಿನ ಹೋಳು ಪಾಯಕ್ಕೆ ಕೂತಿರುತ್ತದೆ, ಮೇಲಿನದು ಮುಚ್ಚಳ. ಕೆಳಗಿನ ಹೋಳಿನಲ್ಲಿ ಹನ್ನೆರಡು ತೂತು, ಒಂದೊಂದರಲ್ಲೂ ಒಂದು ಸ್ಟಡ್, ಅಂದರೆ ಎರಡೂ ತುದಿಗೆ ಥ್ರೆಡ್ಡಿನ ತಿರುಪು ಹಲ್ಲು ಇರುವ ಗಟ್ಟಿ ಕಡ್ಡಿ. ಮುಚ್ಚಳ ಅವುಗಳ ಮೇಲೆ ಕೂರುತ್ತದೆ, ಮೇಲಿನಿಂದ ನಟ್ಟು ಬಿಗಿಯುತ್ತೇವೆ. ಮುಚ್ಚಳವನ್ನು ಚೈನ್ ಬ್ಲಾಕಿನಿಂದ ಎತ್ತಿ ನೋಡಿದರೆ ಎರಡು ಹೋಳುಗಳ ನಡುವಿನ ಪ್ಯಾಕಿಂಗ್ ಹಾಳೆ ಒಂದು ಕಡೆ ಹರಿದಿತ್ತು, ಅಷ್ಟೆ. ಹೊಸದು ಕತ್ತರಿಸಿ ಹಾಕಿದರೆ ಮಧ್ಯಾಹ್ನದ ಊಟಕ್ಕೆ ಜೇವರ್ಗಿ ಎಂದು ಲೆಕ್ಕ ಹಾಕಿದೆ. ಆದರೆ ನಟ್ಟು ಬಿಚ್ಚುವಾಗ ಮೂರು ಸ್ಟಡ್ಡುಗಳು ನಟ್ಟಿನ ಜೊತೆಗೇ ತಿರುಗಿ ಹೊರಗೆ ಬಂದಿದ್ದವು. ಅವುಗಳ ತೂತಿನ ತಳದಲ್ಲಿ ಹಳೆಯ ಗ್ರೀಸು ಮತ್ತು ನದಿಯ ಮಣ್ಣು ಗಟ್ಟಿಯಾಗಿ ಕೂತಿತ್ತು. ಅದನ್ನು ತೆಗೆಯದೆ ಸ್ಟಡ್ ಪೂರ್ತಿ ಇಳಿಯುವಂತಿರಲಿಲ್ಲ.

ಇಂಥ ತೂತಿಗೆ ಅದೇ ಅಳತೆಯ ಟ್ಯಾಪು ಇಳಿಸಿ ತೆಗೆಯುವುದು ನಮ್ಮ ಕಸುಬಿನಲ್ಲಿ ಬೀಗ ತೆಗೆದಷ್ಟು ಸಲೀಸಿನ ಕೆಲಸ. ಟ್ಯಾಪು ಎಂದರೆ ಥ್ರೆಡ್ ಕತ್ತರಿಸುವ ಉಕ್ಕಿನ ಕಡ್ಡಿ. ಮೈಮೇಲೆ ಉದ್ದಕ್ಕೆ ಕಾಲುವೆ ಇರುತ್ತವೆ, ಕಸ ಅದರೊಳಗೆ ಸೇರಿ ಮೇಲೆ ಬರುತ್ತದೆ. ಸ್ಟಡ್ಡಿನ ದಪ್ಪ ಅಳೆದೆ. ಅರ್ಧ ಇಂಚು. ನಮ್ಮ ಕಡೆಯ ಮಾತಿನಲ್ಲಿ ನಾಕು ಸೂತು. ಇಂಚಿನ ಎಂಟರಲ್ಲಿ ಒಂದು ಪಾಲಿಗೆ ಒಂದು ಸೂತು. ಆಳಂದ, ಅಫಜಲಪುರ, ಜೇವರ್ಗಿ, ಎಲ್ಲಿಯೇ ಹೋದರೂ ಬೋಲ್ಟನ್ನು ಸೂತಿನ ಲೆಕ್ಕದಲ್ಲೇ ಕೇಳುವುದು. ಅಂಗಡಿಯವನು ಎಷ್ಟು ಸೂತು ಎಂದು ದಪ್ಪ ಕೇಳುತ್ತಾನೆ, ಎಷ್ಟು ಇಂಚು ಎಂದು ಉದ್ದ ಕೇಳುತ್ತಾನೆ. ಇಂಚಿಗೆ ಎಷ್ಟು ಥ್ರೆಡ್ ಎಂದು ಕೇಳಿದ ಅಂಗಡಿಯವನನ್ನು ನಾನು ಕಂಡಿಲ್ಲ. ಕೇಳಿದರೆ ಹೇಳಬಲ್ಲ ಗಿರಾಕಿಯನ್ನಂತೂ ಕಂಡೇ ಇಲ್ಲ, ಹೇಳಲಾರದವರಲ್ಲಿ ನಾನೂ ಒಬ್ಬ.

ಟ್ರ್ಯಾಕ್ಟರಿಗೆ ಬಳಸುವ ನನ್ನ ನಾಕು ಸೂತಿನ ಟ್ಯಾಪು ತೆಗೆದು ಮೊದಲ ತೂತಿಗೆ ಇಟ್ಟೆ. ಎರಡು ಮೂರು ಸುತ್ತು ಬೆರಳಿನಿಂದಲೇ ಹೋಯಿತು. ಆಮೇಲೆ ಬಿಗಿಯಾಯಿತು. ತುಕ್ಕು, ನಮ್ಮ ಮಾತಿನ ಜಂಗು, ಹಿಡಿದಿರಬೇಕು ಎಂದುಕೊಂಡು ಹ್ಯಾಂಡಲ್ ಹಾಕಿ ತಿರುಗಿಸಿದೆ. ಕಿರ್ರ್ ಎಂದಿತು.

ಬ್ಯಾಟರಿ ಹಿಡಿದು ನಿಂತಿದ್ದ ಕಾಕಾ ಬಗ್ಗಿದರು. "ಮಿಸ್ತ್ರಿ, ಭಾಳ ಬಿಗಿ ಆಗಾಕತ್ತದಲ್ರಿ. ಜರಾ ಹೊರಗ ತಗದು ನೋಡ್ರಿ."

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. "ಕಾಕಾ, ನೀವೇ ಮಾಡ್ತೀರೇನು? ತಗೋರಿ, ಹ್ಯಾಂಡಲ್ ನಿಮ್ಮ ಕೈಯಾಗ ಕೊಟ್ಟು ನಾ ಜೇವರ್ಗಿಗಿ ಹೋಗ್ತೇನಿ" ಎಂದುಬಿಟ್ಟೆ.

ಅವರು ಒಂದು ಹೆಜ್ಜೆ ಹಿಂದೆ ಸರಿದು ಸುಮ್ಮನೆ ಬ್ಯಾಟರಿ ಹಿಡಿದರು. ನಾನು ಹಟಕ್ಕೆ ಬಿದ್ದವನಂತೆ ತಳದ ತನಕ ತಿರುಗಿಸಿದೆ. ಟ್ಯಾಪು ತೆಗೆದು ಸ್ಟಡ್ ಇಳಿಸಿದರೆ ಅದು ತಿರುಗುವ ಮಾತೇ ಇಲ್ಲ, ಹಾಗೆಯೇ ಬುಡುಕ್ಕನೆ ಬಿತ್ತು. ಬೆರಳಿನಿಂದ ಅಲ್ಲಾಡಿಸಿದರೆ ಅತ್ತಿತ್ತ ಆಡುತ್ತಿತ್ತು. ತೂತಿನ ಒಳಗೆ ಥ್ರೆಡ್ ಎಂಬುದೇ ಉಳಿದಿರಲಿಲ್ಲ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಅನ್ನುತ್ತಾರಲ್ಲ, ಬೀಡಿನ ಥ್ರೆಡ್ ಕೂಡ ಹಾಗೆಯೇ. ನಾನು ಎರಡನ್ನೂ ಒಂದೇ ಗಳಿಗೆಯಲ್ಲಿ ಮಾಡಿ ಮುಗಿಸಿದ್ದೆ.

ಅಷ್ಟರಲ್ಲಿ ಸಾಹೇಬರ ಫೋನು. ಎಲ್ಲಿಗೆ ಬಂತು ಕೆಲಸ ಎಂದು ಕೇಳಿದರು. ಒಂದು ತೂತಿನ ಆಟಿ ಹೋಗಿವೆ ಎಂದೆ. ಥ್ರೆಡ್ಡಿಗೆ ನಮ್ಮಲ್ಲಿ ಆಟಿ ಅನ್ನುತ್ತಾರೆ.

"ಹೆಂಗ ಹೋದವು?"

ಬಾಯಿಗೆ ಬಂದದ್ದನ್ನು ಹೇಳಿದೆ. "ಜಂಗು ತಿಂದದ್ರಿ ಸಾಹೇಬ್ರ. ಹಳೇದು. ಗ್ರೀಸು ಕಂಡಂಗಿಲ್ಲ."

ಹೇಳುವಾಗ ಕಾಕಾನ ಕಡೆ ಬೆನ್ನು ಮಾಡಿ ನಿಂತಿದ್ದೆ. ಆದರೆ ಆ ಕೋಣೆ ಎಷ್ಟು ದೊಡ್ಡದು? ಒಬ್ಬರು ಉಸಿರು ಬಿಟ್ಟರೆ ಇನ್ನೊಬ್ಬರಿಗೆ ಕೇಳುತ್ತದೆ.

"ಉಳಿದ ಹನ್ನೊಂದು ಸ್ಟಡ್ಡಿನ ಮ್ಯಾಲೇ ನಡಿಸ್ರಿ" ಅಂದರು ಸಾಹೇಬರು. ಉಳಿದ ಎರಡು ತೂತುಗಳನ್ನು ತಂತಿಯಿಂದ ಕೆದಕಿ ಸಾಧ್ಯವಾದಷ್ಟು ಸ್ವಚ್ಛ ಮಾಡಿ, ಸ್ಟಡ್ ಹಾಕಿ, ಹೊಸ ಪ್ಯಾಕಿಂಗ್ ಇಟ್ಟು ಮುಚ್ಚಿದೆವು. ಮರುದಿನ ಬೆಳಿಗ್ಗೆ ಸಾಹೇಬರು ಬಂದ ಮೇಲೆ ಪಂಪು ಶುರು ಮಾಡಿದೆವು. ಕೆಟ್ಟ ತೂತು ಇದ್ದದ್ದು ನೀರು ಹೊರಗೆ ತಳ್ಳುವ ಕಡೆಯ ಮೂಲೆಯಲ್ಲಿ, ಒತ್ತಡ ಹೆಚ್ಚು ಇರುವುದೇ ಅಲ್ಲಿ. ಒಂದು ನಿಮಿಷ ಓಡಿತೋ ಇಲ್ಲವೋ, ಆ ಮೂಲೆಯಿಂದ ನೀರು ಗೋಡೆಗೆ ಹಾರಿತು. ನಿಲ್ಲಿಸುವಷ್ಟರಲ್ಲಿ ಹೊಸ ಪ್ಯಾಕಿಂಗ್ ಚಿಂದಿ. ಸಾಹೇಬರ ಇಸ್ತ್ರಿ ಮಾಡಿದ ಅಂಗಿ ಮೈಗೆ ಅಂಟಿಕೊಂಡಿತ್ತು.

ನಾಲ್ಕೂ ಊರಿನ ಟಾಕಿಗಳಲ್ಲಿ ಇನ್ನು ಎರಡು ದಿನದ ನೀರಷ್ಟೇ ಇತ್ತು. ಈ ಪಂಪಿನ ಕೆಳಗಿನ ಹೋಳು ಎಲ್ಲಿಯೂ ಬಿಡಿಯಾಗಿ ಸಿಗುವುದಿಲ್ಲ, ಹೊಸ ಪಂಪು ಎಂದರೆ ಟೆಂಡರು, ಅಂದರೆ ತಿಂಗಳುಗಳ ಮಾತು. ಸಾಹೇಬರು ಒದ್ದೆ ಮುಖ ಒರೆಸಿಕೊಳ್ಳುತ್ತಾ ಕಾಕಾನ ಕಡೆ ತಿರುಗಿದರು.

"ಒಂದು ಗ್ರೀಸ್ ಹಚ್ಚೂದು ಆಗಲಿಲ್ಲೇನ್ರಿ ನಿಮ್ಮ ಕಡಿಂದ? ರಿಪೋರ್ಟಿನ್ಯಾಗ ನಿಮ್ಮ ಹೆಸರು ಬರೀಬೇಕಾಗ್ತದ. ಆಮ್ಯಾಲ ಗುತ್ತೇದಾರ ನಿಮ್ಮನ್ನ ಇಟ್ಕೊಳ್ಳಾಂಗಿಲ್ಲ, ನಾ ಏನೂ ಮಾಡಾಕ ಬರಂಗಿಲ್ಲ."

ಕಾಕಾ ನನ್ನ ಕಡೆ ನೋಡಲೂ ಇಲ್ಲ. "ಆಗ್ಲಿರಿ ಸಾಹೇಬ್ರ" ಎಂದಷ್ಟೇ ಹೇಳಿ ನೆಲದ ನೀರನ್ನು ಕಸಬರಿಗೆಯಿಂದ ಹೊರಗೆ ತಳ್ಳತೊಡಗಿದರು. ನನಗೆ ಮಾತ್ರ ಗಂಟಲಲ್ಲಿ ಬಿಸಿ ತುಪ್ಪ, ನುಂಗಲಾರೆ, ಉಗುಳಲಾರೆ. ಏನಾದರೂ ಮಾಡಿ ತೂತನ್ನೇ ಸರಿ ಮಾಡಿಬಿಟ್ಟರೆ ರಿಪೋರ್ಟೇ ಬೇಕಾಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು ಹೇಳಿದವನು ಮೊದಲು ಹುಡುಕುವುದು ಇಂಥ ಸಂದಿಯನ್ನೇ.

ಉಪಾಯ ಇತ್ತು. ಕೆಟ್ಟ ತೂತನ್ನು ಐದು ಸೂತಿಗೆ ದೊಡ್ಡದು ಮಾಡಿ, ಹೊಸ ಥ್ರೆಡ್ ಕತ್ತರಿಸಿ, ಕೆಳಗೆ ಐದು ಸೂತು ಮೇಲೆ ನಾಕು ಸೂತು ದಪ್ಪದ ಒಂದು ಮೆಟ್ಟಿಲು ಸ್ಟಡ್ ಮಾಡಿಸಿ ಕೂರಿಸುವುದು. ಅದಕ್ಕೆ ಲೋಹ ಕಡೆಯುವ ಲೇತು ಯಂತ್ರ ಬೇಕು. ಹಳೆಯ ಸ್ಟಡ್ ಹಿಡಿದು ಅಫಜಲಪುರಕ್ಕೆ ಹೋದೆ. ಲೇತಿನವರು ಅದನ್ನು ಬೆಳಕಿಗೆ ಹಿಡಿದು ನೋಡಿ ತಲೆ ಅಲ್ಲಾಡಿಸಿದರು. "ಇದು ಹಳೇ ಕಾಲದ ಆಟಿರಿ. ಆಳಂದದ ಲೇತ್ ಅಕ್ಕನ ಹತ್ರ ಹೋಗ್ರಿ, ಅವ್ರ ಬಲ್ಲಿ ಎಲ್ಲಾ ಸಿಗ್ತದ."

ಲೇತ್ ಅಕ್ಕ ಎಂದರೆ ನನಗೆ ಗೊತ್ತಿದ್ದವರೇ. ಗಂಡ ತೀರಿದ ಮೇಲೆ ಅವರ ಲೇತಿನ ಅಂಗಡಿಯನ್ನು ತಾವೇ ನಡೆಸುವ ಹೆಂಗಸು. ಹಿಂದೊಮ್ಮೆ ಕಲಬುರಗಿಯ ಸ್ಪೇರ್ ಅಂಗಡಿಯಲ್ಲಿ ನಾಲ್ಕು ಜನರ ಎದುರು ನಾನು ಅವರಿಗೆ, "ಅಕ್ಕಾರ, ನಿಮ್ಮ ಹಳೇ ಟ್ಯಾಪಿನ ಕಾಲ ಮುಗೀತ್ರಿ, ಅವನ್ನೆಲ್ಲ ಗುಜರಿಗಿ ಹಾಕ್ರಿ" ಎಂದು ಚೇಷ್ಟೆ ಮಾಡಿದ್ದೆ. ಈಗ ಅದೇ ಗುಜರಿಯ ಬಾಗಿಲಿಗೆ ಹೊರಟಿದ್ದೆ. ಆಳಂದಕ್ಕೆ ಹೋಗಿ ನೋಡಿದರೆ ಅಂಗಡಿಗೆ ಬೀಗ. ತಂಗಿಯ ಮೊಮ್ಮಗಳ ತೊಟ್ಟಿಲಿಗೆ ನರೋಣಾಕ್ಕೆ ಹೋಗಿದ್ದಾರೆ ಎಂದರು ಪಕ್ಕದ ಅಂಗಡಿಯವರು. ನರೋಣಾಕ್ಕೆ ಬೈಕ್ ತಿರುಗಿಸಿದೆ. ಚಪ್ಪರದ ಕೆಳಗೆ ಹೆಂಗಸರ ನಡುವೆ ರೇಷ್ಮೆ ಸೀರೆ ಉಟ್ಟು ಕೂತಿದ್ದ ಅವರು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು.

"ಏನ್ರಿ ಜೇವರ್ಗಿ ಮಿಸ್ತ್ರಿ, ಗುಜರಿ ಖರೀದಿಗಿ ಬಂದೀರೇನು?"

ಸುತ್ತಲಿದ್ದವರು ನಕ್ಕರು. ನಾನು ಕಿಸೆಯಿಂದ ಸ್ಟಡ್ ತೆಗೆದು ಕೈಗೆ ಕೊಟ್ಟು, ನಾಲ್ಕು ಊರಿನ ನೀರು ನಿಂತಿದೆ ಎಂದೆ. ಅವರ ನಗೆ ಅಲ್ಲಿಗೇ ನಿಂತಿತು. ಹೆಬ್ಬೆರಳಿನ ಉಗುರನ್ನು ಥ್ರೆಡ್ಡಿನ ಮೇಲೆ ನಿಧಾನಕ್ಕೆ ಎಳೆದರು. "ಉಂಡು ನಡೀರಿ. ನಾನೂ ಬರ್ತೇನಿ" ಎಂದು ಎದ್ದರು.

ಆಳಂದದ ಅಂಗಡಿಯಲ್ಲಿ ಸೀರೆಯ ಮೇಲೊಂದು ಗಂಡನ ಹಳೆಯ ಖಾಕಿ ಅಂಗಿ ತೊಟ್ಟು, ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ಅವರು ಮೊದಲು ಕೇಳಿದ್ದು ನನ್ನ ಟ್ಯಾಪನ್ನು. ಅದನ್ನೂ ಸ್ಟಡ್ಡನ್ನೂ ಅಕ್ಕಪಕ್ಕ ಒತ್ತಿ ಹಿಡಿದು ಕಿಟಕಿಯ ಬೆಳಕಿಗೆ ತೋರಿಸಿದರು. ಒಂದು ತುದಿಯಲ್ಲಿ ಎರಡರ ಹಲ್ಲುಗಳೂ ಒಂದರೊಳಗೊಂದು ಕೂತಿದ್ದವು. ಇನ್ನೊಂದು ತುದಿಗೆ ಹೋಗುತ್ತಾ ಹಲ್ಲಿನ ಮೇಲೆ ಹಲ್ಲು ಏರಿ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು.

"ಪಂಪಿಂದು ಇಂಚಿಗಿ ಹನ್ನೆರಡು ಆಟಿ. ನಿಮ್ಮ ಟ್ರ್ಯಾಕ್ಟರ್ ಟ್ಯಾಪಿಂದು ಹದಿಮೂರು. ಮೂರು ಸೂತು, ಐದು ಸೂತು, ಆರು ಸೂತಿನ್ಯಾಗ ಎರಡೂ ತರದ ಆಟಿ ಲೆಕ್ಕ ಒಂದ ಇರ್ತದ, ನಡೀತದ. ಇದೊಂದು ನಾಕು ಸೂತಿನ್ಯಾಗ ಮಾತ್ರ ಹೊಂದಂಗಿಲ್ರಿ."

ಇಷ್ಟು ವರ್ಷ ನಾನು ಪಾರಾಗಿದ್ದು ಹೇಗೆ ಎಂದು ಆಗ ತಿಳಿಯಿತು. ಬೇರೆ ಅಳತೆಗಳಲ್ಲಿ ನನ್ನ ಅಜ್ಞಾನಕ್ಕೆ ಶಿಕ್ಷೆಯೇ ಇರಲಿಲ್ಲ.

"ತೂತು ಕೆಡಿಸಿದವ್ರು ಯಾರು?" ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೂಡಲೇ, "ಜಂಗು ತಿಂದಿತ್ರಿ ಅಕ್ಕಾರ. ಆಪರೇಟರ್ ಗ್ರೀಸ್ ಹಚ್ಚಿಲ್ಲಂತ ಸಾಹೇಬ್ರು ಅವ್ರನ್ನ ತೆಗೆಸಾಕತ್ತಾರ" ಎಂದೆ. ಕೇಳದೇ ಇದ್ದದ್ದನ್ನೂ ಹೇಳಿದೆ.

ಅವರು ಒಂದು ಬಿಳಿ ಅರಿವೆ ತೆಗೆದುಕೊಂಡು ನನ್ನ ಟ್ಯಾಪಿನ ಕಾಲುವೆಯನ್ನು ಒರೆಸಿ ನನ್ನ ಮುಂದೆ ಹಾಸಿದರು. ಗ್ರೀಸಿನಲ್ಲಿ ಸಿಕ್ಕಿಕೊಂಡ ಬೂದಿಬಣ್ಣದ ಪುಡಿ, ನಡುನಡುವೆ ಮಿಣಿಮಿಣಿ ಹೊಳಪು.

"ಜಂಗು ಕೆಂಪಗಿರ್ತದ ಮಿಸ್ತ್ರಿ. ಇದು ಒಳ್ಳೇ ಬೀಡು, ಹೊಸದಾಗಿ ಕೊಯ್ದದ್ದು. ಗ್ರೀಸು ಹಚ್ಚಿಲ್ಲ ಅಂತೀರಿ, ಅರಿವ್ಯಾಗ ಎಷ್ಟು ಗ್ರೀಸ್ ಅದ ನೀವೇ ನೋಡ್ರಿ." ಅರಿವೆ ಮಡಚುತ್ತಾ, "ಅಂದ್ರ ನಿಮ್ಮ ಟ್ಯಾಪು ತಿಂದದ್ದಕ್ಕ ಅವ್ರ ಕೂಳು ಹೋಗ್ತದ ಅನ್ರಿ" ಎಂದರು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಚಿಕೆಯಾಯಿತು. ತಲೆ ತಗ್ಗಿಸಿ ಹೌದು ಎಂದೆ.

"ನನ್ನ ಮುಂದ ಹೌದು ಅಂದ್ರ ಏನ್ ಬಂತು? ಹೇಳಬೇಕಾದವ್ರಿಗಿ ಹೇಳ್ರಿ" ಎಂದು ಲೇತು ಚಾಲೂ ಮಾಡಿದರು. ಆ ಮಾತು ಅಲ್ಲಿಗೆ ಮುಗಿಯಿತು. ಅವರು ಮತ್ತೆ ಅದನ್ನು ಎತ್ತಲಿಲ್ಲ.

ಸಂಜೆಯೊಳಗೆ ಮೆಟ್ಟಿಲು ಸ್ಟಡ್ ತಯಾರಾಯಿತು. ಐದು ಸೂತಿನ ಹಳೆಯ ತರದ ಟ್ಯಾಪಿನ ಸೆಟ್ಟನ್ನು, ಒಂದನೆಯದು, ಎರಡನೆಯದು, ಮೂರನೆಯದು ಎಂದು ಮೂರನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಉಳಿದ ಎರಡು ತೂತು ಸ್ವಚ್ಛ ಮಾಡಲು ನಾಕು ಸೂತಿನ ಸರಿಯಾದ ಟ್ಯಾಪೂ ಕೊಡಿ ಎಂದರೆ ಕೊಡಲಿಲ್ಲ. ಬದಲಿಗೆ ನಾನು ತಂದಿದ್ದ ಹಳೆಯ ಸ್ಟಡ್ಡಿನ ತುದಿಗೆ ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಮೂರು ಗೀರು ಕೊಯ್ದು, ಅಂಚಿನ ಮುಳ್ಳನ್ನು ಸಣ್ಣ ಅರದಿಂದ ತೆಗೆದು ಕೈಗಿಟ್ಟರು.

"ತೊಳಿಯೂದಕ್ಕ ಕುಡಗೋಲು ಬೇಕಾಗಿಲ್ಲ. ಟ್ಯಾಪು ಹೊಸ ಬೀಡೂ ಕೊಯ್ತದ. ಇದು ಆ ತೂತಿನ್ಯಾಗ ಹುಟ್ಟಿ ಬೆಳದ ಸ್ಟಡ್ಡು, ಕಸ ಅಷ್ಟೇ ತರ್ತದ. ಬೆರಳಿಲೆ ತಿರುವ್ರಿ, ಹ್ಯಾಂಡಲ್ ಹಾಕಬ್ಯಾಡ್ರಿ."

ಆ ರಾತ್ರಿ ಆಳಂದದ ಸಂಬಂಧಿಕರ ಮನೆಯಲ್ಲಿ ಮಲಗಿ ಬೆಳಿಗ್ಗೆ ಬೇಗ ಹೊರಟೆ. ದಾರಿಯುದ್ದಕ್ಕೂ ಒಂದೇ ಲೆಕ್ಕ. ತೂತು ದೊಡ್ಡದು ಮಾಡುವಾಗ ಡ್ರಿಲ್ ಓರೆಯಾದರೆ ಬೀಡು ಸೀಳುತ್ತದೆ. ಆಳ ತಪ್ಪಿದರೆ ಒಳಗಿನ ನೀರಿನ ದಾರಿಗೇ ತೂತು ಬೀಳುತ್ತದೆ. ಎರಡರಲ್ಲಿ ಯಾವುದೇ ಒಂದು ಆದರೂ ಪಂಪು ಗುಜರಿಗೆ. ಕೆಲಸ ಸರಿಹೋದ ಮೇಲೆ ತಪ್ಪು ಒಪ್ಪಿಕೊಳ್ಳುವುದು ಯಾರಿಗೂ ಸುಲಭ. ಸರಿಹೋಗದಿದ್ದರೆ ನಾನು ಬಾಯಿ ಬಿಡುವುದಿಲ್ಲ ಎಂದು ನನಗೆ ನನ್ನ ಗುಣ ಗೊತ್ತಿತ್ತು. ಹಾಗಾಗಿ ಪಂಪ್ ಹೌಸಿಗೆ ಹೋದವನೇ, ಚೀಲವನ್ನೂ ಬಿಚ್ಚದೆ, ಕಾಕಾನ ಎದುರೇ ಸಾಹೇಬರಿಗೆ ಫೋನ್ ಹಚ್ಚಿದೆ.

"ಸಾಹೇಬ್ರ, ಜಂಗು ತಿಂದಿಲ್ರಿ. ತಪ್ಪು ಟ್ಯಾಪು ಹಾಕಿ ನಾನೇ ಕೆಡಿಸೇನಿ. ಕಾಕಾ ಗ್ರೀಸು ಬರೋಬ್ಬರಿ ಹಚ್ಚ್ಯಾರ. ಮೊನ್ನೆ ನಾ ಸುಳ್ಳು ಹೇಳಿದ್ದೆ."

ಸಾಹೇಬರು ಜೋರಾಗಿಯೇ ಬೈದರು. ಬೈಗುಳ ಮುಗಿದ ಮೇಲೆ, "ಇವತ್ತು ಆ ಪಂಪು ಒಡೀತಂದ್ರ ರಿಪೋರ್ಟಿನ್ಯಾಗ ನಿಮ್ಮ ಹೆಸರು. ನೆನಪಿರ್ಲಿ" ಎಂದು ಇಟ್ಟರು. ಭಯವಾಯಿತು, ನಿಜ. ಆದರೆ ಎರಡು ದಿನದಿಂದ ಗಂಟಲಲ್ಲಿ ನಿಂತದ್ದು ಇಳಿದು ಹೋಗಿತ್ತು. ಕಾಕಾ ಹೋಗಿ ಚಹಾ ಮಾಡಿಕೊಂಡು ಬಂದರು.

ಬೀಡು ಎಷ್ಟು ದಪ್ಪ ಇದೆ ಎಂದು ತಿಳಿಯುವುದು ಹೇಗೆ ಎಂದು ನಾನು ಯೋಚಿಸುತ್ತಿದ್ದರೆ ಕಾಕಾ ಹೊರಗೆ ಕರೆದುಕೊಂಡು ಹೋದರು. ಬೇವಿನ ಮರದ ಕೆಳಗೆ ಇದೇ ತರದ, ಹಿಂದೆಂದೋ ಬಿರುಕು ಬಿಟ್ಟು ತೆಗೆದೆಸೆದ ಪಂಪಿನ ಕೆಳಗಿನ ಹೋಳು ಬಿದ್ದಿತ್ತು. ಅದರ ಮೇಲೆ ಅವರು ಬಟ್ಟೆ ಒಗೆಯುತ್ತಿದ್ದರು. "ಇದು ಒಳಗಿನದರ ಅಣ್ಣರಿ. ಇದನ್ನ ಅಳದು ನೋಡ್ರಿ."

ಅಳೆದೆವು. ತೂತಿನ ತಳದಿಂದ ನೀರಿನ ದಾರಿಗೆ ಬೆರಳಗಲ ಬೀಡು ಇತ್ತು, ಸುತ್ತಲೂ ಸಾಕಷ್ಟು ಇತ್ತು. ಮೊದಲು ಆ ಅಣ್ಣನ ಮೇಲೆಯೇ ಕೈ ಪಳಗಿಸೋಣ ಎಂದು ಹದಿಮೂರೂವರೆ ಮಿಲಿಮೀಟರಿನ ಬಿಟ್ಟನ್ನು ಕೈ ಡ್ರಿಲ್ಲಿಗೆ ಹಾಕಿ ಕೊರೆದೆ. ಗುಣ್ಯಾ, ಅಂದರೆ ಮೂಲೆಮಟ್ಟ, ಇಟ್ಟು ನೋಡಿದರೆ ತೂತು ಕಣ್ಣಿಗೆ ಕಾಣುವಷ್ಟು ಓರೆ. ಇನ್ನೊಂದು ಕೊರೆದೆ, ಅದೂ ಓರೆ, ಈ ಸಲ ಇನ್ನೊಂದು ಕಡೆಗೆ. ಬೆವರು ಕಣ್ಣಿಗಿಳಿಯಿತು. ಹಳೆಯ ತೂತು ಬಿಟ್ಟನ್ನು ತನ್ನ ಇಷ್ಟಕ್ಕೆ ಎಳೆಯುತ್ತಿತ್ತು.

"ಮಿಸ್ತ್ರಿ, ಒಂದು ಮಾತು ಹೇಳ್ಲೇನ್ರಿ?" ಎಂದರು ಕಾಕಾ ಹಿಂದಿನಿಂದ.

ಬಾಯಿಯ ತನಕ ಬಂದದ್ದನ್ನು ನುಂಗಿಕೊಂಡು "ಹೇಳ್ರಿ" ಎಂದೆ.

"ಮ್ಯಾಲಿನ ಮುಚ್ಚಳ ಅದರ ಜಾಗಾದಾಗ ಕೂಡಿಸಿ ಬಿಗದು, ಅದರ ತೂತಿನ್ಯಾಗಿಂದ ಡ್ರಿಲ್ಲಿನ ಬಿಟ್ಟು ಇಳಿಸಿದ್ರ ಹೆಂಗ? ಅದು ಅತ್ತಾಗಿತ್ತಾಗ ಹೋಗಾಕ ಎಲ್ಲಿ ಬಿಡ್ತದ?"

ಮುಚ್ಚಳದ ತೂತು ಅಳೆದೆ. ಹದಿನಾಲ್ಕು ಮಿಲಿಮೀಟರು. ಬಿಟ್ಟಿಗೆ ಹೇಳಿ ಮಾಡಿಸಿದ ದಾರಿ, ಅದೂ ನೆಟ್ಟಗೆ ಕೆಳಗಿನ ತೂತಿನ ಮೇಲೇ. ಒಳಗೆ ಕಾಲಿಟ್ಟಾಗಲೆಲ್ಲ ನನ್ನ ಕಣ್ಣ ಮುಂದೆಯೇ ಚೈನಿಗೆ ನೇತಾಡುತ್ತಿದ್ದ ಮುಚ್ಚಳ ಅದು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿಲ್ಲ.

ಮೊದಲು ಗೀರು ಕೊಯ್ದ ಸ್ಟಡ್ಡಿನಿಂದ ಎರಡು ತೂತು ಸ್ವಚ್ಛ ಮಾಡಿದೆವು. ಸೀಮೆಎಣ್ಣೆ ಎರಡು ಹನಿ, ಬೆರಳಿನಿಂದ ಒಂದು ಸುತ್ತು ಒಳಗೆ, ಅರ್ಧ ಸುತ್ತು ಹಿಂದಕ್ಕೆ. ಗೀರುಗಳ ತುಂಬ ಕಪ್ಪು ಮಣ್ಣು ಬಂತು, ಹೊಳಪು ಮಾತ್ರ ಒಂದು ಚೂರೂ ಬರಲಿಲ್ಲ. ಸೈಕಲ್ ಪಂಪಿನಿಂದ ಊದಿ ತೂತು ಒಣಗಿಸಿದ ಮೇಲೆ ಸ್ಟಡ್ಡುಗಳು ತಳದ ತನಕ ಬೆರಳಿನಲ್ಲೇ ಇಳಿದವು.

ಆಮೇಲೆ ಪುಡಿ ಒಳಗೆ ಬೀಳದಂತೆ ಪಂಪಿನ ಹೊಟ್ಟೆಗೆ ಬಟ್ಟೆ ತುರುಕಿ, ಮುಚ್ಚಳ ಇಳಿಸಿ, ನಾಲ್ಕು ನಟ್ಟು ಬಿಗಿದೆವು. ಬಿಟ್ಟಿಗೆ ಆಳದ ಗುರುತಿಗೆ ಟೇಪು ಸುತ್ತಿದೆ. ಡ್ರಿಲ್ಲು ನಾನು ಹಿಡಿದೆ, ಟೇಪಿನ ಮೇಲೆ ಕಣ್ಣು ಕಾಕಾ ಇಟ್ಟರು. "ಇನ್ನೂ ಅದ... ಇನ್ನೂ ಅದ... ಸಾಕ್ರಿ" ಎಂದಾಗ ನಿಲ್ಲಿಸಿದೆ. ಮುಚ್ಚಳ ಎತ್ತಿ ಗುಣ್ಯಾ ಇಟ್ಟರೆ ಕೂದಲೆಳೆಯಷ್ಟೂ ಓರೆ ಇಲ್ಲ.

ಟ್ಯಾಪಿನ ಕೆಲಸಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಒಂದನೆಯ ಟ್ಯಾಪು ಇಟ್ಟು ಎರಡು ಕಡೆಯಿಂದ ಗುಣ್ಯಾ ನೋಡಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ನಾಲ್ಕು ಸಲಕ್ಕೊಮ್ಮೆ ಹೊರಗೆ ತೆಗೆದು ಒರೆಸುವುದು, ಊದುವುದು. ಸ್ವಲ್ಪ ಬಿಗಿ ಅನ್ನಿಸಿದರೂ ನಾನು ಕಾಕಾನ ಮುಖ ನೋಡುತ್ತಿದ್ದೆ, ಅವರು ತಲೆಯಾಡಿಸಿದರೆ ಮಾತ್ರ ಮುಂದೆ. ಎರಡನೆಯದು, ಆಮೇಲೆ ತಳಕ್ಕೆ ಮೂರನೆಯದು. ಅಕ್ಕ ಮಾಡಿಕೊಟ್ಟ ಮೆಟ್ಟಿಲು ಸ್ಟಡ್ಡನ್ನು ಇಟ್ಟು ತಿರುಗಿಸಿದರೆ ಬೆಣ್ಣೆಯಲ್ಲಿ ಹೋದ ಹಾಗೆ ಹೋಗಿ ಕೊನೆಗೆ ಗಟ್ಟಿಯಾಗಿ ನಿಂತಿತು. ಹಿಡಿದು ಅಲ್ಲಾಡಿಸಿದೆ. ಅದು ಅಲ್ಲಾಡಲಿಲ್ಲ. ಒಳಗಿನ ಬಟ್ಟೆ ತೆಗೆದು, ಇನ್ನೊಂದು ಪ್ಯಾಕಿಂಗ್ ಕತ್ತರಿಸಿ ಇಟ್ಟು, ಮುಚ್ಚಳ ಕೂರಿಸಿ ಹನ್ನೆರಡೂ ನಟ್ಟು ಬಿಗಿದೆವು.

ಮರುದಿನ, ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಸಾಹೇಬರು ಬಂದು ಬಾಗಿಲ ಹೊರಗೇ ನಿಂತರು, ಅಂಗಿಯ ಅನುಭವ ಇತ್ತಲ್ಲ. ಕಾಕಾ ಸ್ವಿಚ್ ಒತ್ತಿದರು. ಮೋಟರು ಏರಿತು, ಗೇಜಿನ ಮುಳ್ಳು ಏರಿತು. ನಾನು ಆ ಮೂಲೆಯ ಸಂದಿಗೆ ಒಣ ಕಾಗದ ಒತ್ತಿ ಹಿಡಿದೆ. ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ಕಾಗದ ಒಣಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ಮೊದಲ ಊರಿನಿಂದ ಟಾಕಿಗೆ ನೀರು ಬಿದ್ದ ಫೋನು ಬಂತು. ಸಾಹೇಬರು ಒಳಗೆ ಬಂದು ಹನ್ನೆರಡೂ ನಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಕಾಕಾಗೆ, "ನಿಮ್ಮ ಹೆಸರು ಎಲ್ಲೂ ಬರಿಯಂಗಿಲ್ರಿ, ಅಮಾಸಿ ಪೂಜಾ ನಡೀಲಿ" ಎಂದರು. ನನ್ನ ಕಡೆ ತಿರುಗಿ, "ನಿಮ್ಮದೂ ಬರಿಯಂಗಿಲ್ಲ. ಆದ್ರ ನಾ ಮರಿಯಂಗಿಲ್ಲ" ಎಂದು ಹೊರಟುಹೋದರು. ಅದು ನ್ಯಾಯವೇ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಕಾಕಾ ಬುತ್ತಿ ಬಿಚ್ಚಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ನನ್ನ ಮುಂದಿಟ್ಟರು. ಮೂರು ದಿನದಿಂದ ಕೇಳಬೇಕೆಂದಿದ್ದದ್ದನ್ನು ಆಗ ಕೇಳಿದೆ.

"ಕಾಕಾ, ತೂತು ನಾ ಕೆಡಿಸಿದ್ದು ನಿಮಗ ಮೊದಲ ದಿನಾನೇ ಗೊತ್ತಿತ್ತಲ್ಲ?"

"ಗೊತ್ತಿತ್ರಿ. ಬ್ಯಾಟರಿ ನಾನೇ ಹಿಡಿದಿದ್ನಲ್ಲ."

"ಮತ್ತ ಸಾಹೇಬ್ರ ಮುಂದ ಯಾಕ ಬಾಯಿ ಬಿಡಲಿಲ್ಲ?"

ಅವರು ಓಡುತ್ತಿದ್ದ ಪಂಪಿನ ಕಡೆ ನೋಡುತ್ತಾ, ಊರಿನ ಬಸ್ಸಿನ ಹೊತ್ತು ಹೇಳುವಷ್ಟು ಸಹಜವಾಗಿ ಹೇಳಿದರು. "ನೀವು ಸಿಟ್ಟಿನವ್ರು. ಹ್ಯಾಂಡಲ್ ಕೊಟ್ಟು ಜೇವರ್ಗಿಗಿ ಹೋಗ್ತೇನಿ ಅಂದಿದ್ರಿ. ನಾ ಖರೇ ಹೇಳಿದ್ರ ನೀವು ಹೋಗಿಬಿಡ್ತಿದ್ರಿ. ನನ್ನ ಕೆಲಸ ಹೋದ್ರ ಒಂದು ಮನಿಗಿ ತ್ರಾಸು. ನೀವು ಹೋಗಿದ್ರ ನಾಕು ಊರಿಗಿ."

ಅವರು ಹೇಳಿದ್ದು ನಿಜವಾಗಿತ್ತು, ನಾನು ಹೋಗಿಯೇ ಬಿಡುತ್ತಿದ್ದೆ.